ಬೋವಾ ಕೊಳ್ಳುವ ಮೊದಲು ಅದರ ಜಾತಕ ನೋಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಂಚಿಕೆಯ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಸುಲಭಕ್ಕೆ ಸಿಗದ ಬೋವಾ ಹಾವುಗಳನ್ನು ಹುಡುಕುವುದು, ಕೊಳ್ಳುವುದು, ಮನೆಗೆ ತಂದ ಮೇಲೆ ಮೊದಲ ಕೆಲವು ತಿಂಗಳು ದಾಟಿಸುವುದು.

ಪ್ರಶ್ನೆ: ಸಾಮಾನ್ಯ ಬೋವಾವನ್ನು ಕೆಲವು ವರ್ಷಗಳಿಂದ ಸಾಕುತ್ತಿದ್ದೇನೆ. ಈಗ ಅಪರೂಪದ ಜಾತಿಯೊಂದನ್ನು ತರುವ ಆಸೆ. ಡುಮೆರಿಲ್ ಬೋವಾ, ಮಡಗಾಸ್ಕರ್ ಮರಬೋವಾ, ಜಮೈಕಾ ಬೋವಾ, ಹಸಿರು ಮರಬೋವಾ ಇವುಗಳಲ್ಲಿ ಯಾವುದು ನಿಜಕ್ಕೂ ಅಪರೂಪ? ಯಾವುದನ್ನು ಹುಡುಕಲಿ?

ಮೊದಲು ನೀವಿರುವ ಕಡೆ ಆ ಜಾತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನು ಒಪ್ಪುತ್ತದೆಯೇ ಎಂದು ಸಂಬಂಧಪಟ್ಟ ಇಲಾಖೆಯಿಂದ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಮಾರುವವರ ಬಾಯಿಮಾತು ಇದಕ್ಕೆ ಸಾಲದು. ಉತ್ತರ 'ಇಲ್ಲ' ಎಂದಾದರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ.

'ಅಪರೂಪ' ಎಂಬ ಒಂದೇ ಮಾತನ್ನು ವ್ಯಾಪಾರದಲ್ಲಿ ಬೇರೆ ಬೇರೆ ಅರ್ಥಕ್ಕೆ ಬಳಸುತ್ತಾರೆ. ಕೊಳ್ಳುವವರು ಎಡವುವುದು ಇಲ್ಲೇ.

ಕೆಲವು ಹಾವು ಕಾಡಿನಲ್ಲೇ ತೀರಾ ಕಡಿಮೆ ಉಳಿದಿವೆ. ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡಿನ ಕ್ರೊಪಾನ್ ಬೋವಾ 1953ರ ನಂತರ ಜೀವಂತವಾಗಿ ವಿಜ್ಞಾನಿಗಳ ಕೈಗೆ ಮತ್ತೆ ಸಿಕ್ಕಿದ್ದು 2017ರಲ್ಲಿ. ಬಹಾಮಾಸ್‌ನ ಬೆಳ್ಳಿ ಬೋವಾಕ್ಕೆ ವೈಜ್ಞಾನಿಕ ಹೆಸರು ಬಿದ್ದದ್ದೇ 2016ರಲ್ಲಿ. ಮಾರಿಷಸ್ ಬಳಿಯ ರೌಂಡ್ ಐಲೆಂಡ್ ಬೋವಾ (ಹೆಸರಿಗಷ್ಟೇ ಬೋವಾ, ಕುಟುಂಬ ಬೇರೆ, ಮೊಟ್ಟೆ ಇಡುತ್ತದೆ) ಸಂರಕ್ಷಣಾ ಯೋಜನೆಗಳ ಆಸರೆಯಲ್ಲಿ ಉಳಿದುಕೊಂಡಿದೆ. ಇಂಥವು ಮಾರಾಟಕ್ಕಿವೆ ಎಂದು ಯಾರಾದರೂ ಹೇಳಿದರೆ ಆತ ಮೋಸಗಾರನಿರಬೇಕು, ಇಲ್ಲವೇ ಕಳ್ಳಸಾಗಣೆದಾರನಿರಬೇಕು.

ಇನ್ನು ಕೆಲವು ಕಾನೂನಿನ ಕಾಗದದಲ್ಲಿ ಅಪರೂಪ, ಸಾಕಣೆಯ ಗೂಡುಗಳಲ್ಲಿ ಸಾಕಷ್ಟಿವೆ. ಡುಮೆರಿಲ್ ಬೋವಾ ಇದಕ್ಕೆ ಒಳ್ಳೆಯ ಉದಾಹರಣೆ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಮೊದಲ ಅನುಬಂಧದಲ್ಲಿ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿ, ಅದಿದೆ. ಆದರೆ ದಶಕಗಳಿಂದ ಸಾಕಣೆಯಲ್ಲಿ ಮರಿ ಹಾಕುತ್ತಲೇ ಬಂದಿದೆ.

ಮೂರನೆಯ ಗುಂಪು ಕಾಡಿನಲ್ಲಿದ್ದರೂ ಗೂಡಿನಲ್ಲಿ ಮರಿ ಮಾಡಿಸುವುದೋ ಮರಿಗಳನ್ನು ಉಳಿಸುವುದೋ ಕಷ್ಟವಾದವು. ಹಸಿರು ಮರಬೋವಾಗಳು, ಜಮೈಕಾ ಬೋವಾ, ಪೆಸಿಫಿಕ್ ದ್ವೀಪಗಳ ಕಾಂಡೋಯಾ ಬೋವಾಗಳು ಇಲ್ಲಿ ಸೇರುತ್ತವೆ. ಇವಲ್ಲದೆ, ತಳಿಗಾರರು ಬಣ್ಣ ಕೂಡಿಸಿ ಕಳೆದು ಮಾಡಿದ 'ಮಾರ್ಫ್'ಗಳೂ ಇವೆ. ಅವುಗಳ ಅಪರೂಪಕ್ಕೆ ಆಯಸ್ಸು ಕಡಿಮೆ. ಇಂದು ಒಬ್ಬರ ಬಳಿ ಮಾತ್ರ ಇರುವ ಬಣ್ಣ ಐದಾರು ವರ್ಷದಲ್ಲಿ ಎಲ್ಲರ ಬಳಿಯೂ ಇರುತ್ತದೆ.

ಸಾಮಾನ್ಯ ಬೋವಾ ಸಾಕಿದ ಕೈಗೆ ಮುಂದಿನ ಮೆಟ್ಟಿಲು ಡುಮೆರಿಲ್. ನೆಲದ ಹಾವು, ಸ್ವಭಾವ ಶಾಂತ, ಬೆಳೆದಾಗ ಒಂದೂವರೆಯಿಂದ ಎರಡು ಮೀಟರ್. 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಗೂಡು ಕನಿಷ್ಠ ಬೇಕು, 180 ಇದ್ದರೆ ಒಳ್ಳೆಯದು. ಬಿಸಿ ಮೂಲೆಯಲ್ಲಿ 31–32 ಡಿಗ್ರಿ ಸೆಲ್ಸಿಯಸ್, ತಂಪು ಮೂಲೆಯಲ್ಲಿ 25–26, ರಾತ್ರಿ 22–24 ಸಾಕು. ಮಡಗಾಸ್ಕರ್ ಮರಬೋವಾ ಅದಕ್ಕಿಂತ ತುಸು ತಂಪು ಬಯಸುತ್ತದೆ. ಮೈ ಕಾಯಿಸುವ ಜಾಗದಲ್ಲಿ 30, ರಾತ್ರಿ 20–22. ಹಸಿರು ಮರಬೋವಾ ಮತ್ತು ಜಮೈಕಾ ಬೋವಾಗಳನ್ನು ಈ ಎರಡರಲ್ಲಿ ಒಂದನ್ನು ಎರಡು ವರ್ಷ ನಡೆಸಿದ ಮೇಲೆ ಯೋಚಿಸಿ. ಬೋವಾ 20–30 ವರ್ಷ ಬದುಕುತ್ತದೆ. ನಿಮಗೆ ಅವಸರವಿದ್ದರೂ ಅದಕ್ಕಿಲ್ಲ.

ಪ್ರಶ್ನೆ: ಮಡಗಾಸ್ಕರ್ ಮರಬೋವಾ ಮಾರಾಟಕ್ಕಿದೆ, ಬೇರೆ ದೇಶದಿಂದ ಕಳುಹಿಸುತ್ತೇನೆ, 'ಸಾಕಣೆಯಲ್ಲಿ ಹುಟ್ಟಿದ್ದು, ಹಾಗಾಗಿ ಪರ್ಮಿಟ್ ಬೇಡ' ಎಂದು ಒಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?

ಬೇಡ.

ಬೋವಾ ಕುಟುಂಬದ ಎಲ್ಲ ಜಾತಿಗಳೂ ಸೈಟಿಸ್ ಪಟ್ಟಿಯಲ್ಲಿವೆ. ಹೆಚ್ಚಿನವು ಎರಡನೆಯ ಅನುಬಂಧದಲ್ಲಿ. ಮೊದಲನೆಯದರಲ್ಲಿ ಇರುವವು ಮಡಗಾಸ್ಕರ್‌ನ ನೆಲಬೋವಾ ಮತ್ತು ಮರಬೋವಾಗಳು, ಜಮೈಕಾ ಬೋವಾ, ಅರ್ಜೆಂಟೀನಾ ಬೋವಾ ಮುಂತಾದ ಕೆಲವು. ಎರಡನೆಯ ಅನುಬಂಧದ ಹಾವಿಗೂ ಗಡಿ ದಾಟಲು ರಫ್ತು ಪರ್ಮಿಟ್ ಬೇಕೇ ಬೇಕು. ಮೊದಲನೆಯದಕ್ಕೆ ರಫ್ತು ಪರ್ಮಿಟ್ ಜೊತೆ ಆಮದು ಪರ್ಮಿಟ್ ಕೂಡ ಬೇಕು, ಅದೂ ಮುಂಚಿತವಾಗಿ. ಸಾಕಣೆಯಲ್ಲಿ ಹುಟ್ಟಿದ ಹಾವಿಗೆ ನಿಯಮ ಸಡಿಲವಾಗಬಹುದು, ಕಾಗದ ಮಾತ್ರ ತಪ್ಪುವುದಿಲ್ಲ.

ಪರ್ಮಿಟ್ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಮೂಲವನ್ನು ಸೂಚಿಸುವ ಒಂದಕ್ಷರ. 'ಡಬ್ಲ್ಯೂ' ಎಂದರೆ ಕಾಡಿನಿಂದ ಹಿಡಿದದ್ದು. 'ಸಿ' ಎಂದರೆ ಒಪ್ಪಂದದ ಕಟ್ಟಳೆಗೆ ತಕ್ಕಂತೆ ಸಾಕಣೆಯಲ್ಲೇ ಹುಟ್ಟಿದ್ದು: ತಂದೆ ತಾಯಿ ಸಾಕಣೆಯಲ್ಲೇ ಕೂಡಿರಬೇಕು, ಆ ಸಾಕಣೆಯಿಂದ ಎರಡನೆಯ ತಲೆಮಾರು ಬಂದಿರಬೇಕು ಅಥವಾ ಬರಬಲ್ಲದೆಂದು ತೋರಿಸಿರಬೇಕು. 'ಎಫ್' ಎಂದರೆ ಸಾಕಣೆಯಲ್ಲಿ ಹುಟ್ಟಿದ್ದು ನಿಜ, ಆ ಕಟ್ಟಳೆಯನ್ನು ಮುಟ್ಟಿಲ್ಲ. 'ಡಿ' ಎಂದರೆ ನೋಂದಾಯಿತ ಸಾಕಣೆ ಕೇಂದ್ರದಲ್ಲಿ ವ್ಯಾಪಾರಕ್ಕಾಗಿಯೇ ಬೆಳೆಸಿದ ಮೊದಲ ಅನುಬಂಧದ ಪ್ರಾಣಿ. 'ಆರ್' ಇದ್ದರೆ ಕಾಡಿನಿಂದ ಮೊಟ್ಟೆಯನ್ನೋ ಮರಿಯನ್ನೋ ತಂದು ಬೆಳೆಸಿದ್ದು.

ಈ ಅಕ್ಷರಕ್ಕೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಬೋವಾಗಳು ಮರಿ ಹಾಕುವ ಹಾವು. ಕಾಡಿನಲ್ಲೇ ಬಸಿರಾದ ಹೆಣ್ಣನ್ನು ಹಿಡಿದು ತಂದು, ಗೂಡಿನಲ್ಲಿ ಮರಿ ಹಾಕಿದ ಮೇಲೆ 'ಸಾಕಣೆಯಲ್ಲಿ ಹುಟ್ಟಿದ್ದು' ಎಂದು ಮಾರುವುದು ಹಳೆಯ ಉಪಾಯ. ಮಾತು ಸುಳ್ಳಲ್ಲ, ಅರ್ಥ ಸುಳ್ಳು. ಅಂಥ ಮರಿ 'ಸಿ' ಆಗುವುದಿಲ್ಲ.

ಎರಡನೆಯದಾಗಿ ವೈಜ್ಞಾನಿಕ ಹೆಸರು ನೋಡಿ. ಪರ್ಮಿಟ್‌ನಲ್ಲಿ ಇರುವ ಹೆಸರೂ ಪೆಟ್ಟಿಗೆಯಲ್ಲಿ ಇರುವ ಹಾವೂ ಒಂದೇ ಆಗಿರಬೇಕು. ಮೂರನೆಯದು ಅವಧಿ: ರಫ್ತು ಪರ್ಮಿಟ್ ಗರಿಷ್ಠ ಆರು ತಿಂಗಳು, ಆಮದು ಪರ್ಮಿಟ್ ಹನ್ನೆರಡು ತಿಂಗಳು. ಅವಧಿ ಮುಗಿದ ಕಾಗದ ಹಿಡಿದುಕೊಂಡು ಬಂದ ಹಾವು ಗಡಿಯಲ್ಲೇ ಜಪ್ತಿಯಾಗುತ್ತದೆ.

ದೇಶದೊಳಗೇ ಕೊಂಡರೂ ಮೂಲದ ಕಾಗದದ ಪ್ರತಿ ಕೇಳಿ. ಐರೋಪ್ಯ ಒಕ್ಕೂಟದಲ್ಲಿ ಮೊದಲ ಅನುಬಂಧದ ಹಾವನ್ನು ಮಾರಲು ಅಲ್ಲಿನ ವನ್ಯಜೀವಿ ವ್ಯಾಪಾರ ಕಾನೂನಿನ ಹತ್ತನೆಯ ವಿಧಿಯ ಪ್ರಮಾಣಪತ್ರ ಬೇಕು. ಬೇರೆ ದೇಶಗಳಲ್ಲಿ ಬೇರೆ ಪದ್ಧತಿಗಳಿವೆ. ಹಾವಿನ ಮೈಯೊಳಗೆ ಗುರುತಿನ ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆ ಕಾಗದದಲ್ಲಿ ಬರೆದಿರುವುದರ ಜೊತೆ ತಾಳೆಯಾಗುತ್ತದೆಯೇ ಎಂದು ರೀಡರ್ ಹಿಡಿದು ನಿಮ್ಮ ಕಣ್ಣೆದುರೇ ಓದಿಸಿ. ಈ ಕಾಗದಗಳನ್ನು ಹಾವು ಇರುವವರೆಗೂ ಇಟ್ಟುಕೊಳ್ಳಿ. ಮುಂದೆ ನೀವು ಅದನ್ನು ಇನ್ನೊಬ್ಬರಿಗೆ ಕೊಡಬೇಕಾದರೂ ಅವು ಬೇಕು.

ಪ್ರಶ್ನೆ: ಒಳ್ಳೆಯ ತಳಿಗಾರರನ್ನು ಹುಡುಕುವುದು ಹೇಗೆ? ಜಾಹೀರಾತು ನೋಡಿ ಬರೆದರೆ 'ಈಗ ಮರಿಗಳಿಲ್ಲ' ಎಂಬ ಉತ್ತರವೇ ಬರುತ್ತದೆ.

ಆ ಉತ್ತರ ಕೊಟ್ಟವರ ಹೆಸರನ್ನೇ ಬರೆದಿಟ್ಟುಕೊಳ್ಳಿ. ಅಪರೂಪದ ಜಾತಿ ಯಾವಾಗ ಕೇಳಿದರೂ 'ಇದೆ' ಎನ್ನುವವರ ಬಗ್ಗೆ ಹೆಚ್ಚು ಅನುಮಾನ ಪಡಬೇಕು.

ಲೆಕ್ಕ ಸರಳ. ಬಸಿರು ಆರರಿಂದ ಎಂಟು ತಿಂಗಳು. ಒಳ್ಳೆಯ ತಳಿಗಾರರು ಒಂದು ಹೆಣ್ಣನ್ನು ಪ್ರತಿ ವರ್ಷ ಕೂಡಿಸುವುದಿಲ್ಲ. ಮೈ ಮತ್ತೆ ತುಂಬಿಕೊಳ್ಳಲಿ ಎಂದು ಒಂದೆರಡು ವರ್ಷ ಬಿಡುತ್ತಾರೆ. ಡುಮೆರಿಲ್ ಒಂದು ಸೂಲಿಗೆ ಹತ್ತಾರು ಮರಿ ಹಾಕಿದರೆ ಮರಬೋವಾಗಳು ಹಲವು ಸಲ ಅದಕ್ಕಿಂತ ಕಡಿಮೆ. ಅವುಗಳಲ್ಲಿ ಕೆಲವನ್ನು ತಳಿಗಾರರೇ ಉಳಿಸಿಕೊಳ್ಳುತ್ತಾರೆ. ಹೀಗಾಗಿ ಒಂದರಿಂದ ಮೂರು ವರ್ಷ ಕಾಯುವುದು ಸಹಜ. ಉತ್ತರ ಗೋಳಾರ್ಧದಲ್ಲಿ ಹೆಚ್ಚಿನ ಸೂಲುಗಳು ಬೇಸಗೆಯ ನಡುವಿನಿಂದ ಶರತ್ಕಾಲದವರೆಗೆ ಬೀಳುತ್ತವೆ. ಕೂಡಿಸಿದ್ದಾರೆಯೇ ಎಂದು ವಸಂತಕಾಲದಲ್ಲಿ ಬರೆದು ಕೇಳಿದರೆ ಕಾಯುವವರ ಪಟ್ಟಿಯಲ್ಲಿ ಜಾಗ ಸಿಗುತ್ತದೆ.

ಬರೆಯುವಾಗ 'ಎಷ್ಟು ಬೆಲೆ' ಎಂದು ಶುರು ಮಾಡಬೇಡಿ. ನಿಮ್ಮ ಗೂಡಿನ ಅಳತೆ, ಈವರೆಗೆ ಸಾಕಿದ ಹಾವು, ಹತ್ತಿರದ ಸರೀಸೃಪ ವೈದ್ಯರ ಸೌಲಭ್ಯ, ಬೇಕಾದ ಜಾತಿ ಮತ್ತು ಲಿಂಗ ಇವನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಗಂಭೀರವಾದ ತಳಿಗಾರರು ಕೊಳ್ಳುವವರನ್ನು ಆರಿಸುತ್ತಾರೆ. ನಿಮ್ಮನ್ನು ಒಂದು ಪ್ರಶ್ನೆಯೂ ಕೇಳದೆ ಖಾತೆ ಸಂಖ್ಯೆ ಕಳಿಸಿದವರನ್ನು ಬಿಟ್ಟುಬಿಡಿ.

ಅವರಿಂದ ನೀವು ಕೇಳಬೇಕಾದ್ದು: ಹುಟ್ಟಿದ ದಿನ, ತಂದೆ ತಾಯಿಯ ಫೋಟೋ ಮತ್ತು ಅವು ಬಂದ ಮೂಲ, ಅವು ಒಡಹುಟ್ಟಿದವೇ ಎಂಬುದು, ಮರಿ ತಾನಾಗಿ ತಿಂದ ಕನಿಷ್ಠ ಎಂಟು ಊಟಗಳ ತಾರೀಖು ಮತ್ತು ಆಹಾರದ ಗಾತ್ರ, ಪೊರೆ ಬಿಟ್ಟ ತಾರೀಖುಗಳು, ತೂಕ, ಅವರ ಸಂಗ್ರಹದ ವೈರಸ್ ಪರೀಕ್ಷೆಯ ವರದಿ. 'ಚೆನ್ನಾಗಿ ತಿನ್ನುತ್ತದೆ' ಎಂಬುದು ದಾಖಲೆಯಲ್ಲ. ದಾಖಲೆ ಇಡುವವರು ಒಂದೆರಡು ದಿನದಲ್ಲಿ ಕಳಿಸುತ್ತಾರೆ, ಇಡದವರು ನೆಪ ಹೇಳುತ್ತಾರೆ.

ಫೋಟೋ ಕದ್ದು ಮಾರುವವರೂ ಇದ್ದಾರೆ. ಇಂದಿನ ತಾರೀಖು ಮತ್ತು ನಿಮ್ಮ ಹೆಸರು ಬರೆದ ಚೀಟಿಯನ್ನು ಹಾವಿನ ಪಕ್ಕ ಇಟ್ಟು, ಹಾವು ಚಲಿಸುವುದು ಕಾಣುವಂತೆ ಒಂದು ನಿಮಿಷದ ವಿಡಿಯೋ ಕೇಳಿ. ಮುಂಗಡ ಕೊಡುವುದು ರೂಢಿಯಲ್ಲಿದೆ, ಕಾಲುಭಾಗದ ಆಸುಪಾಸು ಇರಲಿ; ಮರಿ ಸತ್ತರೆ ಅಥವಾ ಲಿಂಗ ತಪ್ಪಾದರೆ ಏನು ಎಂಬುದು ಬರಹದಲ್ಲಿರಲಿ. ಹಣ ಕಟ್ಟಿದ ಮೇಲೆ 'ವಿಮೆಗೆ ಇಷ್ಟು, ವಿಶೇಷ ಪೆಟ್ಟಿಗೆಗೆ ಇಷ್ಟು, ಆಮೇಲೆ ವಾಪಸು ಕೊಡುತ್ತೇವೆ' ಎಂದು ಒಂದೊಂದೇ ಖರ್ಚು ಎದ್ದು ಬಂದರೆ ಅಲ್ಲಿ ಹಾವೇ ಇಲ್ಲವೆಂದು ತಿಳಿಯಿರಿ.

ಪ್ರಶ್ನೆ: 'ಹಾಗ್ ಐಲೆಂಡ್' ಬೋವಾ ಎಂದು ಮಾರುತ್ತಿದ್ದಾರೆ. ನೋಡಿದರೆ ಸಾಮಾನ್ಯ ಬೋವಾದ ಹಾಗೆಯೇ ಇದೆ. ಶುದ್ಧವೇ ಎಂದು ತಿಳಿಯುವುದು ಹೇಗೆ?

ಹಾವನ್ನು ನೋಡಿ ತಿಳಿಯಲಾಗದು. ಹೊಂಡುರಾಸ್‌ನ ಕಾಯೋಸ್ ಕೊಚಿನೋಸ್ ದ್ವೀಪಗಳಿಂದ ಬಂದ ಈ ಬೋವಾ ಗಿಡ್ಡ, ತಿಳಿಬಣ್ಣದ್ದು. ಆದರೆ ಅದು ಮುಖ್ಯ ಭೂಭಾಗದ ಬೋವಾ ಜೊತೆ ಸಲೀಸಾಗಿ ಕೂಡುತ್ತದೆ, ಸಾಕಣೆಯಲ್ಲಿ ದಶಕಗಳಿಂದ ಕೂಡಿಸಿದ್ದಾರೆ ಕೂಡ. ಎರಡು ತಲೆಮಾರಾದ ಮೇಲೆ ಮಿಶ್ರ ಮರಿಯೊಂದು ಶುದ್ಧದಂತೆಯೇ ಕಾಣಬಹುದು. ಸ್ಥಳದ ಹೆಸರು ಹೊತ್ತ ಎಲ್ಲ ಬೋವಾಗಳದ್ದೂ ಇದೇ ಪಾಡು. ಮೂಲ ಜೋಡಿಯನ್ನು ಯಾರು, ಯಾವ ವರ್ಷ, ಯಾವ ಕಾಗದದ ಮೇಲೆ ತಂದರು ಎಂಬ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಅದನ್ನು 'ದ್ವೀಪದ ರೂಪದ ಬೋವಾ' ಎಂದಷ್ಟೇ ಕೊಳ್ಳಿ. ಚೆಂದದ ಹಾವೇ ಸರಿ, ಶುದ್ಧತೆಯ ಬೆಲೆ ಮಾತ್ರ ಕೊಡಬೇಡಿ.

ಜಾತಿಗಳ ವಿಷಯದಲ್ಲಿ ಗುರುತು ತುಸು ಸುಲಭ. ಹಸಿರು ಮರಬೋವಾವನ್ನು 2009ರಲ್ಲಿ ಎರಡು ಜಾತಿಯಾಗಿ ವಿಂಗಡಿಸಿದರು. ಅಮೆಜಾನ್ ಕಣಿವೆಯದರ ಬೆನ್ನುದ್ದಕ್ಕೂ ಬಿಳಿ ಗೆರೆ ಸಾಮಾನ್ಯವಾಗಿ ಕಡಿಯದೆ ಸಾಗುತ್ತದೆ, ಮೂತಿಯ ಮೇಲಿನ ಹುರುಪೆ ಸಣ್ಣವು, ಹೆಚ್ಚು. ಗಯಾನಾ ಭಾಗದ್ದರಲ್ಲಿ ಬಿಳಿ ಪಟ್ಟೆ ತುಂಡುತುಂಡು, ಮೂತಿಯ ಹುರುಪೆ ದೊಡ್ಡವು, ಕಡಿಮೆ. ಎರಡರ ನಡುವಿನ ಲಕ್ಷಣವಿದ್ದರೆ ಮಿಶ್ರವಿರಬಹುದು. ಮಡಗಾಸ್ಕರ್ ಮರಬೋವಾದಲ್ಲೂ ಪೂರ್ವದ ಹಸಿರು ಮತ್ತು ಪಶ್ಚಿಮದ ಕಂದು–ಹಳದಿ ಬಗೆಗಳನ್ನು ಈಗ ಎರಡು ಜಾತಿಯೆಂದೇ ಎಣಿಸುತ್ತಾರೆ. ಹಿಂದೆ ತಿಳಿಯದೆ ಎರಡನ್ನೂ ಕೂಡಿಸಿದವರಿದ್ದಾರೆ, ಆದ್ದರಿಂದ ಹಳೆಯ ಸಾಲಿನ ಹಾವಾದರೆ ಕೇಳಿಯೇ ಕೊಳ್ಳಿ.

ಒಂದು ಎಚ್ಚರಿಕೆ: ಹಸಿರು ಮರಬೋವಾದ ಮರಿ ಕೆಂಪಾಗಿಯೋ ಕಿತ್ತಳೆಯಾಗಿಯೋ ಹುಟ್ಟಿ, ಮೊದಲ ವರ್ಷದಲ್ಲಿ ನಿಧಾನಕ್ಕೆ ಹಸಿರಾಗುತ್ತದೆ. ಮಡಗಾಸ್ಕರ್ ಮರಬೋವಾದ ಮರಿಗಳೂ ಕೆಂಪೇ. 'ಅಪರೂಪದ ಕೆಂಪು ಬೋವಾ' ಎಂದು ಎರಡು ತಿಂಗಳ ಮರಿಯನ್ನು ಮಾರುವವರಿಗೆ ಈ ಸಂಗತಿ ಚೆನ್ನಾಗಿಯೇ ಗೊತ್ತಿರುತ್ತದೆ.

ಪ್ರಶ್ನೆ: ಕಾಡಿನಿಂದ ಆಮದಾದ ಹಸಿರು ಮರಬೋವಾ ಕಾನೂನುಬದ್ಧವಾಗಿಯೇ, ಸಾಕಣೆಯದಕ್ಕಿಂತ ಬಹಳ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?

ಅಗ್ಗವಾಗಿರುವುದು ಹಾವು ಮಾತ್ರ. ಹಿಡಿದವರಿಂದ ನಿಮ್ಮ ಕೈಗೆ ಬರುವಷ್ಟರಲ್ಲಿ ಅದು ಹಲವು ವಾರ ಚೀಲದಲ್ಲಿ, ಪೆಟ್ಟಿಗೆಯಲ್ಲಿ, ನೀರಿಲ್ಲದೆ, ಬೇರೆ ಜಾತಿಯ ಹಾವುಗಳ ಪಕ್ಕ ಕಳೆದಿರುತ್ತದೆ. ನೀರು ಕಡಿಮೆಯಾದಾಗ ಮೂತ್ರಪಿಂಡ ಸೋಲುತ್ತದೆ, ದಣಿದ ಮೈಯಲ್ಲಿ ಕರುಳಿನ ಹುಳುಗಳು ಹೆಚ್ಚುತ್ತವೆ. ಈ ಜಾತಿಗೆ ಜೀರ್ಣ ಬಲು ನಿಧಾನ. ತಂದ ವಾರದಲ್ಲೇ ದೊಡ್ಡ ಇಲಿ ಕೊಟ್ಟರೆ ಕಕ್ಕುತ್ತದೆ, ಕಕ್ಕಿದಾಗ ಹೊಟ್ಟೆಯ ಆಮ್ಲ, ನೀರು, ಲವಣ ಎಲ್ಲ ಹೋಗುತ್ತವೆ, ಹೆದರಿದ ಮಾಲೀಕ ಮತ್ತೆ ಬೇಗ ಆಹಾರ ಕೊಡುತ್ತಾನೆ, ಮತ್ತೆ ಕಕ್ಕುತ್ತದೆ. ಮೂರನೆಯ ಸಲಕ್ಕೆ ಹಾವು ಉಳಿಯುವುದು ಕಷ್ಟ.

ಒಮ್ಮೆ ಕಕ್ಕಿದರೆ ಮೂರರಿಂದ ನಾಲ್ಕು ವಾರ ಏನೂ ಕೊಡಬೇಡಿ, ನೀರು ಮಾತ್ರ. ಆಮೇಲೆ ಮೊದಲಿನ ಊಟದ ಅರ್ಧದಷ್ಟು ಸಣ್ಣದನ್ನು ಕೊಡಿ, ಎರಡು ವಾರ ಬಿಟ್ಟು ಇನ್ನೊಂದು. ಸಾಕಣೆಯ ಹಸಿರು ಮರಬೋವಾಕ್ಕೂ ಬೆಳೆದ ಮೇಲೆ ಮೂರು ನಾಲ್ಕು ವಾರಕ್ಕೊಂದು ಊಟ ಸಾಕು. ಈ ಹಾವಿಗೆ ಆತುರದ ಕೈಯೇ ದೊಡ್ಡ ಕಾಯಿಲೆ.

ಪ್ರಶ್ನೆ: ಹಾವನ್ನು ನೇರವಾಗಿ ನೋಡಲು ಹೋಗುತ್ತಿದ್ದೇನೆ. ಹತ್ತು ನಿಮಿಷದಲ್ಲಿ ಏನೇನು ಪರೀಕ್ಷಿಸಬೇಕು?

ಮೊದಲು ಗೂಡು, ಆಮೇಲೆ ಹಾವು. ನೀರಿನ ಬಟ್ಟಲಿನ ತಳದಲ್ಲಿ ಕರಿ ಎಳ್ಳಿನ ಪುಡಿಯಂಥ ಚುಕ್ಕೆಗಳು ಮುಳುಗಿದ್ದರೆ ಅವು ನುಸಿ. ಒಂದು ಗೂಡಿನಲ್ಲಿ ಇದ್ದರೆ ಕೋಣೆಯಲ್ಲೆಲ್ಲ ಇದ್ದಂತೆಯೇ. ಬೋವಾದ ಮಟ್ಟಿಗೆ ಅಲ್ಲಿಂದ ಏನೂ ಕೊಳ್ಳದೆ ಹೊರಡುವುದು ಒಳ್ಳೆಯದು. ಕಾರಣ ಮುಂದಿನ ಉತ್ತರದಲ್ಲಿದೆ.

ಹಾವನ್ನು ಕೈಗೆ ತೆಗೆದುಕೊಂಡಾಗ ಅದು ಹಿಡಿತಕ್ಕೆ ಮೈ ಬಿಗಿಯಬೇಕು. ಒದ್ದೆ ಹಗ್ಗದ ಹಾಗೆ ಜೋತರೆ ಸರಿಯಿಲ್ಲ. ಬೆನ್ನುಮೂಳೆಯ ಏಣು ಎದ್ದು ಕಾಣಬಾರದು. ಡುಮೆರಿಲ್‌ನಲ್ಲಿ ಇದಕ್ಕೆ ವಿರುದ್ಧವಾದ ದೋಷ ಹೆಚ್ಚು: ಕೊಬ್ಬಿ, ಮೈ ಮಡಿಸಿದಾಗ ಚರ್ಮ ತುಂಡು ತುಂಡಾಗಿ ಉಬ್ಬಿ ನಿಂತಿರುತ್ತದೆ. ಬೆರಳನ್ನು ಬೆನ್ನಿನ ಮೇಲೆ ತಲೆಯಿಂದ ಬಾಲದವರೆಗೆ ಮೆಲ್ಲಗೆ ಎಳೆಯಿರಿ, ಮೂಳೆಯ ಗಂಟು ಅಥವಾ ಸೊಟ್ಟು ಸಿಕ್ಕಿದರೆ ಬೇಡ. ಮೈಯ ನಡುವೆ ಗಟ್ಟಿಯಾದ ಉಬ್ಬು, ಜೊತೆಗೆ ಕಕ್ಕಿದ ಇತಿಹಾಸವಿದ್ದರೆ ಕ್ರಿಪ್ಟೊಸ್ಪೊರಿಡಿಯಂ (ಹೊಟ್ಟೆಗೆ ತಗಲುವ ಸೂಕ್ಷ್ಮ ಪರಾವಲಂಬಿ, ಚಿಕ್ಕದಾಗಿ ಕ್ರಿಪ್ಟೊ) ಸೋಂಕಿನ ಶಂಕೆ ಪಡಬೇಕು. ಬಾಯಿ ತುದಿಯಲ್ಲಿ ಗುಳ್ಳೆ, ಮೂಗಿನಲ್ಲಿ ಲೋಳೆ, ಉಸಿರಿನಲ್ಲಿ ಸದ್ದು, ಕಣ್ಣಿನ ಮೇಲೆ ಉಳಿದ ಹಳೆಯ ಪೊರೆ, ಗುದದ ಸುತ್ತ ಒಣಗಿದ ಮಲ ಇವನ್ನೂ ನೋಡಿ.

ಕೊನೆಗೆ ಹಾವನ್ನು ಮೆಲ್ಲನೆ ಅಂಗಾತ ತಿರುಗಿಸಿ. ಆರೋಗ್ಯವಂತ ಹಾವು ಕ್ಷಣದಲ್ಲಿ ಮಗುಚಿಕೊಳ್ಳುತ್ತದೆ. ತಲೆ ಮೇಲೆತ್ತಿ ಆಕಾಶ ನೋಡುವಂತೆ ಇಟ್ಟುಕೊಂಡರೆ, ತಿರುಗಲು ತಡಕಾಡಿದರೆ ನರದ ತೊಂದರೆಯಿದೆ. ಮರದ ಬೋವಾಗಳನ್ನು ಕೊಂಬೆಯಿಂದ ಎಳೆದು ಬಿಡಿಸಬೇಡಿ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಕೊಂಬೆ ಸಮೇತ ಎತ್ತಿಸಿ ನೋಡಿ.

ಲಿಂಗವನ್ನು ಮಾರುವವರೇ ನಿಮ್ಮೆದುರು ತೋರಿಸಲಿ. ಗುದದ ಇಕ್ಕೆಲದ ಮುಳ್ಳುಗುರು ಗಂಡಿನಲ್ಲಿ ಸಾಮಾನ್ಯವಾಗಿ ದೊಡ್ಡದು, ಆದರೆ ಅದೊಂದನ್ನೇ ನಂಬಲಾಗದು. ಖಚಿತ ವಿಧಾನವೆಂದರೆ ಸಲಾಕೆಯಿಂದ ಆಳ ನೋಡುವುದು. ಗಂಡಿನಲ್ಲಿ ಎಂಟಕ್ಕೂ ಹೆಚ್ಚು ಹುರುಪೆಗಳಷ್ಟು, ಹೆಣ್ಣಿನಲ್ಲಿ ಎರಡರಿಂದ ನಾಲ್ಕು. ಅಭ್ಯಾಸವಿಲ್ಲದವರು ಮಾಡಿದರೆ ಒಳಗೆ ಗಾಯವಾಗುತ್ತದೆ, ನೀವೇ ಪ್ರಯೋಗ ಮಾಡಬೇಡಿ.

ಪ್ರಶ್ನೆ: ಮನೆಯಲ್ಲಿ ಈಗಾಗಲೇ ಹಾವುಗಳಿವೆ. ಹೊಸ ಬೋವಾವನ್ನು ಎಷ್ಟು ದಿನ ಬೇರೆ ಇಡಬೇಕು? 30 ದಿನ ಸಾಕು ಎನ್ನುತ್ತಾರೆ.

ಬೋವಾಕ್ಕೆ ಸಾಲದು. ಕನಿಷ್ಠ 90 ದಿನ. ಸಾಧ್ಯವಾದರೆ ಆರು ತಿಂಗಳು.

ಕಾರಣ ಒಂದು ಕಾಯಿಲೆ. ಇನ್‌ಕ್ಲೂಷನ್ ಬಾಡಿ ಡಿಸೀಸ್ ಎಂಬ ಈ ರೋಗಕ್ಕೂ ರೆಪ್ಟರೀನಾ ವೈರಸ್‌ಗಳಿಗೂ ಇರುವ ನಂಟು 2012ರಲ್ಲಿ ಗೊತ್ತಾಯಿತು. ಹೆಬ್ಬಾವುಗಳಿಗೆ ತಗಲಿದರೆ ಕೆಲವು ವಾರದಲ್ಲೇ ನರದ ಲಕ್ಷಣ ಕಾಣಿಸಿ ಸಾಯುತ್ತವೆ. ಬೋವಾಗಳಲ್ಲಿ ಹಾಗಲ್ಲ. ವರ್ಷಗಟ್ಟಲೆ ಏನೂ ಆಗದಂತೆ ತಿಂದುಂಡು ಇದ್ದು, ವೈರಸ್ಸನ್ನು ಮಾತ್ರ ಹಂಚುತ್ತಿರಬಹುದು. ತಾಯಿಯಿಂದ ಮರಿಗೂ ಬರುತ್ತದೆ. ಹಾವಿನ ನುಸಿ ಇದನ್ನು ಹರಡುತ್ತದೆಂಬ ಬಲವಾದ ಶಂಕೆಯಿದೆ, ನುಸಿ ಇರುವ ಕೋಣೆಯಿಂದ ಕೊಳ್ಳಬೇಡಿ ಎಂದದ್ದು ಅದಕ್ಕೇ. ಮದ್ದೂ ಇಲ್ಲ, ಲಸಿಕೆಯೂ ಇಲ್ಲ. ಅಪರೂಪದ ಬೋವಾದ ಒಂದು ಸಾಲಿನ ಹತ್ತು ಹಾವು ಮಾತ್ರ ಉಳಿದಿದ್ದು ಅವುಗಳಲ್ಲಿ ಒಂದಕ್ಕೆ ಇದು ತಗಲಿದೆ ಎಂದುಕೊಳ್ಳಿ. ಆ ಸಾಲೇ ಹೋದಂತೆ.

ಪರೀಕ್ಷೆಗೆ ಸರೀಸೃಪ ಬಲ್ಲ ಪಶುವೈದ್ಯರು ರಕ್ತ ಮತ್ತು ಗಂಟಲಿನ ಒರೆಸು ಮಾದರಿ ತೆಗೆದು ಪಿಸಿಆರ್‌ಗೆ ಕಳಿಸುತ್ತಾರೆ. ರಕ್ತಲೇಪದಲ್ಲಿ ಜೀವಕೋಶದ ಒಳಗಿನ ಕಣಗಳನ್ನೂ ನೋಡುತ್ತಾರೆ. ಒಂದು ಸಲ 'ಇಲ್ಲ' ಬಂದರೆ ಸಾಲದು. ಬಂದ ಮೊದಲ ತಿಂಗಳಲ್ಲಿ ಒಂದು, ಮೂರು ತಿಂಗಳ ನಂತರ ಇನ್ನೊಂದು ಮಾಡಿಸಿ. ತೀರಾ ಸಣ್ಣ ಮರಿಯಿಂದ ರಕ್ತ ತೆಗೆಯುವುದು ಅಪಾಯ, ಅಂಥಲ್ಲಿ ತಾಯಿಯ ವರದಿ ಕೇಳಿ. ಜೊತೆಗೆ ಮೊದಲ ಮಲದ ಮಾದರಿಯನ್ನು ಹುಳು ಮತ್ತು ಕ್ರಿಪ್ಟೊಗಾಗಿ ನೋಡಿಸಿ.

ಬೇರೆ ಇಡುವುದು ಎಂದರೆ ಬೇರೆ ಗೂಡಲ್ಲ, ಬೇರೆ ಕೋಣೆ. ಚಿಮ್ಮಟ, ಕೊಕ್ಕೆ, ನೀರಿನ ಬಟ್ಟಲು ಎಲ್ಲ ಬೇರೆ. ಹಳೆಯ ಹಾವುಗಳ ಕೆಲಸ ಮೊದಲು ಮುಗಿಸಿ, ಕೊನೆಗೆ ಹೊಸದರ ಬಳಿ ಹೋಗಿ, ಮುಗಿಸಿ ಕೈ ತೊಳೆದು ಬಟ್ಟೆ ಬದಲಿಸಿ. ಗೂಡಿನ ನೆಲಕ್ಕೆ ಬಿಳಿ ಟಿಶ್ಯೂ ಕಾಗದ ಹಾಸಿ. ತೊಗಟೆ, ಎಲೆ ಏನೂ ಬೇಡ; ಬಿಳಿಯ ಮೇಲೆ ನುಸಿಯೂ ಕಾಣುತ್ತದೆ, ಮಲದ ಬಣ್ಣವೂ. ಅಡಗಲು ಎಸೆಯಬಹುದಾದ ರಟ್ಟಿನ ಡಬ್ಬಿ ಇಡಿ.

ನುಸಿ ಕಂಡರೆ ಹಾವಿಗೆ ಮಾತ್ರ ಮದ್ದು ಮಾಡಿ ಪ್ರಯೋಜನವಿಲ್ಲ. ಮೊಟ್ಟೆಗಳು ಗೂಡಿನ ಸಂದಿಯಲ್ಲಿರುತ್ತವೆ. ಬಿಸಿಯಲ್ಲಿ ಕೆಲವೇ ದಿನದಲ್ಲಿ ಒಡೆದು, ಎರಡು ಮೂರು ವಾರದೊಳಗೆ ಹೊಸ ತಲೆಮಾರು ಮೊಟ್ಟೆ ಇಡಲು ಸಿದ್ಧ. ಹಾಗಾಗಿ ಗೂಡನ್ನು ಖಾಲಿ ಮಾಡಿ, ಬಿಸಿನೀರಲ್ಲಿ ತೊಳೆದು, ಸಂದಿಗಳನ್ನು ಉಜ್ಜಿ, ವಾರಕ್ಕೊಮ್ಮೆಯಂತೆ ಕನಿಷ್ಠ ಆರು ವಾರ ಮಾಡಬೇಕು. ಮದ್ದಿನ ಪ್ರಮಾಣ ವೈದ್ಯರೇ ಹೇಳಲಿ. ನಾಯಿಗೆ ಹಾಕುವ ಮದ್ದನ್ನು ಅಂದಾಜಿನಲ್ಲಿ ಸಿಂಪಡಿಸಿ ಹಾವನ್ನು ಕಳೆದುಕೊಂಡವರು ಕಡಿಮೆಯಿಲ್ಲ. ಮನೆಯಲ್ಲಿ ಆಮೆ ಇದ್ದರೆ ನುಸಿಗೆ ಬಳಸುವ ಮದ್ದಾದ ಐವರ್‌ಮೆಕ್ಟಿನ್ ಅದರ ಹತ್ತಿರಕ್ಕೂ ಹೋಗಬಾರದು, ಆಮೆಗೆ ಅದು ವಿಷ.

ಪ್ರಶ್ನೆ: ಹಾವು ದೂರದಿಂದ ಬರುತ್ತದೆ. ಕಳಿಸುವಾಗ ಮತ್ತು ಬಂದ ಮೇಲೆ ಯಾವ ಮುನ್ನೆಚ್ಚರಿಕೆ?

ಗೂಡು ಹಾವಿಗಿಂತ ಎರಡು ವಾರ ಮೊದಲು ಸಿದ್ಧವಾಗಿ, ಖಾಲಿಯಾಗಿಯೇ ಓಡುತ್ತಿರಬೇಕು. ಥರ್ಮೋಸ್ಟಾಟ್ ಇಲ್ಲದ ಹೀಟರ್ ಬೇಡವೇ ಬೇಡ. ತಾಪವನ್ನು ಬಿಸಿ ತುದಿ, ತಂಪು ತುದಿ ಎರಡರಲ್ಲೂ ಬೇರೆ ಡಿಜಿಟಲ್ ಮಾಪಕದಿಂದ ಹಗಲು, ನಡುರಾತ್ರಿ, ನಸುಕು ಮೂರು ಹೊತ್ತು ಬರೆದು ನೋಡಿ. ಥರ್ಮೋಸ್ಟಾಟ್‌ನ ತುದಿ ಜಾರಿ ತಂಪು ಜಾಗಕ್ಕೆ ಬಿದ್ದರೆ ಹೀಟರ್ ನಿಲ್ಲದೆ ಉರಿಯುತ್ತದೆ, ಅದನ್ನು ಗಟ್ಟಿಯಾಗಿ ಕಟ್ಟಿ.

ಕಳಿಸುವ ಮೊದಲು ಮರಿಗೆ ಏಳು ದಿನ, ದೊಡ್ಡದಕ್ಕೆ ಹತ್ತು ಹದಿನಾಲ್ಕು ದಿನ ಆಹಾರ ಬೇಡ. ಹೊಟ್ಟೆಯಲ್ಲಿ ಊಟವಿದ್ದು ತಂಪಾದರೆ ಅಲ್ಲೇ ಕೊಳೆಯುತ್ತದೆ. ಹಾವು ಬಟ್ಟೆ ಚೀಲದಲ್ಲಿ, ಚೀಲ ತೂತಿರುವ ಡಬ್ಬದಲ್ಲಿ, ಡಬ್ಬ ಥರ್ಮೋಕೋಲ್ ಒಳಪದರದ ಪೆಟ್ಟಿಗೆಯಲ್ಲಿ, ಖಾಲಿ ಜಾಗದಲ್ಲಿ ಸುಕ್ಕುಗಟ್ಟಿಸಿದ ಕಾಗದ. ಬಿಸಿ ಪೊಟ್ಟಣ ಇಟ್ಟರೆ ಹಾವಿಗೆ ತಾಗದಂತೆ ಮುಚ್ಚಳಕ್ಕೆ ಅಂಟಿಸಬೇಕು, ಮತ್ತು ಅದು ಉರಿಯಲು ಗಾಳಿ ಬೇಕು. ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿಬಿಟ್ಟರೆ ಪೊಟ್ಟಣವೂ ಆರುತ್ತದೆ, ಹಾವಿಗೂ ಉಸಿರು ಸಿಗುವುದಿಲ್ಲ. ವಿಮಾನದಲ್ಲಾದರೆ ಜೀವಂತ ಪ್ರಾಣಿಗಳಿಗೆ ಅಯಾಟಾ (ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘ) ಹಾಕಿರುವ ನಿಯಮದಂತೆಯೇ ಪೆಟ್ಟಿಗೆ ಇರಬೇಕು. ಬಿರುಬಿಸಿಲಿನ ವಾರ, ಕೊರೆಯುವ ಚಳಿಯ ವಾರ, ಸಾಲು ರಜೆಯ ಮುನ್ನಾದಿನ ಈ ಮೂರರಲ್ಲಿ ಕಳಿಸಲು ಒಪ್ಪಬೇಡಿ.

ಬಂದ ಕೂಡಲೇ ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೋ ಮಾಡಿ, ತೂಕ ಬರೆದುಕೊಳ್ಳಿ, ಗೂಡಿಗೆ ಬಿಡಿ, ನೀರು ಇಡಿ, ಬಾಗಿಲು ಮುಚ್ಚಿ. ಒಂದು ವಾರ ಮುಟ್ಟಬೇಡಿ. ಬಂಧುಗಳಿಗೆ ತೋರಿಸುವುದೂ ಆಮೇಲೆ. ಏಳರಿಂದ ಹತ್ತು ದಿನದ ಮೇಲೆ ಮೊದಲ ಊಟ, ತಳಿಗಾರರ ದಾಖಲೆಯಲ್ಲಿರುವ ಗಾತ್ರಕ್ಕಿಂತ ಒಂದು ಮಟ್ಟ ಸಣ್ಣದು.

ಪ್ರಶ್ನೆ: ಜಮೈಕಾ ಬೋವಾ ಮರಿ ತಂದಿದ್ದೇನೆ. ಇಲಿಮರಿಯನ್ನು ಮೂಸಿಯೂ ನೋಡುವುದಿಲ್ಲ. ಐದು ವಾರವಾಯಿತು.

ಇದರ ಮರಿಗಳು ಸಣ್ಣವು, ಕಾಡಿನಲ್ಲಿ ಹಲ್ಲಿಯ ಜಾತಿಯ ಅನೋಲ್‌ಗಳನ್ನು ತಿಂದು ಬೆಳೆಯುವವು. ಇಲಿ ಆಹಾರವೆಂದೇ ಅವಕ್ಕೆ ಗೊತ್ತಿಲ್ಲ. ಕಾಂಡೋಯಾ ಮರಿಗಳಲ್ಲೂ ಇದೇ ಕಥೆ, ಅಲ್ಲಿ ಹಲ್ಲಿಯ ಜೊತೆ ಕಪ್ಪೆ ಕೂಡ ಸೇರಿಕೊಳ್ಳುತ್ತದೆ. ತಾನಾಗಿ ತಿಂದ ಎಂಟು ಊಟಗಳ ದಾಖಲೆ ಕೇಳಿ ಎಂದು ಮೇಲೆ ಹೇಳಿದ್ದು ಇಂಥ ಜಾತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಮೊದಲು ಗೂಡನ್ನು ಚಿಕ್ಕದು ಮಾಡಿ. ಬೂಟಿನ ಪೆಟ್ಟಿಗೆಯಷ್ಟು ಜಾಗ ಸಾಕು. ಅಡಗಲು ಎಲೆಗಳ ಮರೆ, ಬೆರಳಿಗಿಂತ ತೆಳು ಅಡ್ಡಕಡ್ಡಿ ಇರಲಿ. ಕನಿಷ್ಠ ಒಂದು ತಿಂಗಳು ಫ್ರೀಜರ್‌ನಲ್ಲಿಟ್ಟ, ಕಾನೂನುಬದ್ಧವಾಗಿ ಸಿಕ್ಕ ಹಲ್ಲಿಯನ್ನು ಕರಗಿಸಿ (ಹಾಗೆ ಇಡದಿದ್ದರೆ ಹುಳುಗಳು ಹಾವಿಗೆ ದಾಟಬಹುದು), ಹೊಸದಾಗಿ ಹುಟ್ಟಿದ ಇಲಿಮರಿಯನ್ನು ಬಿಸಿನೀರಲ್ಲಿ ತೊಳೆದು ಇಲಿಯ ವಾಸನೆ ಕಳೆದು, ಮೂತಿಯನ್ನು ಹಲ್ಲಿಯ ಮೈಗೆ ಚೆನ್ನಾಗಿ ಉಜ್ಜಿ. ಕತ್ತಲಾದ ಮೇಲೆ ಉದ್ದ ಚಿಮ್ಮಟದಲ್ಲಿ ಹಿಡಿದು ಕಡ್ಡಿಯ ಮೇಲೆ ಕೂತ ಮರಿಯ ಮುಂದೆ ಮೆಲ್ಲಗೆ ಆಡಿಸಿ. ಎರಡು ನಿಮಿಷದಲ್ಲಿ ಹಿಡಿಯದಿದ್ದರೆ ಅಲ್ಲೇ ಬಿಟ್ಟು ಹೋಗಿ, ಬೆಳಗ್ಗೆ ತೆಗೆದುಬಿಡಿ. ಮುಂದಿನ ಪ್ರಯತ್ನ ಐದಾರು ದಿನ ಬಿಟ್ಟು. ದಿನಾ ಕಾಡಿದರೆ ಅದು ಆಹಾರವನ್ನೇ ಶತ್ರು ಎಂದುಕೊಳ್ಳುತ್ತದೆ.

ತಿನ್ನಲು ಶುರು ಮಾಡಿದ ಮೇಲೆ ನಾಲ್ಕೈದು ಊಟಗಳಲ್ಲಿ ವಾಸನೆಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬನ್ನಿ. ವಾರಕ್ಕೊಮ್ಮೆ ಗ್ರಾಂ ತಕ್ಕಡಿಯಲ್ಲಿ ತೂಗಿ. ತಂದ ದಿನದ ತೂಕದ ಹತ್ತನೆಯ ಒಂದು ಭಾಗ ಇಳಿಯುವವರೆಗೆ ಕಾಯಬಹುದು. ಅದನ್ನು ದಾಟಿದರೆ ಇಲಿಯ ಬಾಲದ ತುಂಡನ್ನು ಬಾಯಿಗೆ ಮೆಲ್ಲನೆ ಕೊಡುವ ವಿಧಾನವಿದೆ. ಮೊದಲ ಸಲ ಅದನ್ನು ವೈದ್ಯರ ಅಥವಾ ಆ ಮರಿಯನ್ನು ಬೆಳೆಸಿದ ತಳಿಗಾರರ ಕೈಯಲ್ಲೇ ಮಾಡಿಸಿ. ಮರಿ ಕೊಟ್ಟವರಿಗೆ ಇವತ್ತೇ ಬರೆಯಿರಿ. ಅದರ ಒಡಹುಟ್ಟಿದವು ಯಾವುದಕ್ಕೆ ಬಾಯಿ ಹಾಕಿದವು ಎಂಬುದು ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಒಂದೇ ಸೂಲಿನ ಗಂಡು–ಹೆಣ್ಣು ಜೋಡಿ ಕೊಡುತ್ತೇವೆ ಎನ್ನುತ್ತಾರೆ. ಮುಂದೆ ಮರಿ ಮಾಡಿಸಲು ತೆಗೆದುಕೊಳ್ಳಲೇ?

ಒಂದನ್ನು ತೆಗೆದುಕೊಳ್ಳಿ. ಜೊತೆಯನ್ನು ಬೇರೆ ಸಾಲಿನಿಂದ ಹುಡುಕಿ, ಎರಡು ವರ್ಷ ತಡವಾದರೂ ಪರವಾಗಿಲ್ಲ. ಮರಿಗಳು ಕೂಡುವ ವಯಸ್ಸಿಗೆ ಬರಲು ಹೇಗೂ ಅದಕ್ಕಿಂತ ಹೆಚ್ಚು ಕಾಲ ಬೇಕು. ಸಾಕಣೆಯಲ್ಲಿರುವ ಅಪರೂಪದ ಜಾತಿಗಳ ಎಷ್ಟೋ ಸಾಲುಗಳು ಕೆಲವೇ ಮೂಲ ಹಾವುಗಳಿಂದ ಬಂದವು, ಅಣ್ಣ–ತಂಗಿಯನ್ನು ಕೂಡಿಸಿದರೆ ಸತ್ತ ಮರಿ, ಸೊಟ್ಟ ಬೆನ್ನಿನ ಮರಿ ಹೆಚ್ಚುತ್ತವೆ. ಎರಡನ್ನೂ ತೆಗೆದುಕೊಳ್ಳಲೇಬೇಕಾದರೆ ಒಂದೇ ಗೂಡಿನಲ್ಲಿ ಇಡಬೇಡಿ. ಒಂದೇ ಇಲಿಯ ಎರಡು ತುದಿಯಿಂದ ಎರಡೂ ನುಂಗುತ್ತ ಬಂದರೆ ಕೊನೆಗೆ ಎರಡರ ಬಾಯಿ ಎದುರುಬದುರಾಗುತ್ತದೆ.